ರಾಯಭಾರಿಯೂ ರಾಣಿಯೂ

ಮೈಸೂರಿನ ಒಂಟಿಕೊಪ್ಪಲಿನಲ್ಲಾಗಲಿ, ಬೆಂಗಳೂರಿನ ಬಸವನಗುಡಿಯಲ್ಲಾಗಲಿ, ಧಾರವಾಡದ ಮಾಳಮಡ್ಡಿಯಲ್ಲಾಗಲಿ, ಹಳೆಯ ಮನೆಗಳ ಮುಂದೆ ಹಾದುಹೋಗುವವರಿಗೆ ಒಂದು ನೋಟ ಅಪರೂಪವಲ್ಲ. ಅಂಗಳದ ಮೂಲೆಯಲ್ಲಿ, ಮಾವಿನ ಮರದ ನೆರಳಿನಲ್ಲೋ ತಗಡಿನ ಮಾಡಿನ ಕೆಳಗೋ, ಟಾರ್ಪಾಲಿನ ಮುಸುಕು ಹೊದ್ದು ಒಂದು ಮೋಟಾರು ಕಾರು ನಿಂತಿರುತ್ತದೆ. ಮುಸುಕನ್ನು ತೆಗೆಯದೆಯೇ ಒಳಗಿರುವುದು ಯಾವುದೆಂದು ಹೇಳಬಹುದು. ಮೈಯೆಲ್ಲ ಗುಂಡಗೆ ಉಬ್ಬಿ, ಬೆನ್ನು ಇಳಿಜಾರಾಗಿ ಬಾಗಿದ್ದರೆ ಅದು ಅಂಬಾಸಿಡರ್. ಒಡಲು ಸಣ್ಣದಾಗಿ, ಹಿಂಬದಿಯ ಎರಡು ಅಂಚುಗಳು ಪುಟ್ಟ ರೆಕ್ಕೆಗಳಂತೆ ನಿಮಿರಿದ್ದರೆ ಅದು ಫಿಯಟ್, ಅಂದರೆ ಮುಂದೆ ಪದ್ಮಿನಿಯೆಂದು ಹೆಸರಾದದ್ದು.

ಕಾರನ್ನು ಕೊಂಡ ಯಜಮಾನರು ಈಗ ಇರುವುದಿಲ್ಲ. ಮಕ್ಕಳು ದೂರದ ಊರುಗಳಲ್ಲಿರುತ್ತಾರೆ. ಹಳೆಯ ಮನೆಯನ್ನು ಕೆಡವಿ ಮಹಡಿಗಳನ್ನೆಬ್ಬಿಸುವ ದಿನ ಬಂದಾಗ ಒಂದು ಪ್ರಶ್ನೆ ತಾನಾಗಿ ಏಳುತ್ತದೆ: ಅಪ್ಪನ ಕಾರನ್ನು ಏನು ಮಾಡುವುದು? ಗುಜರಿಗೆ ಕೊಟ್ಟುಬಿಡುವುದೋ, ಇಟ್ಟುಕೊಳ್ಳುವುದೋ? ಆ ಕಾರಿನಲ್ಲಿ ಕುಳಿತು ಶಾಲೆಗೆ ಹೋದವರಿಗೆ, ಅದರಲ್ಲೇ ಮದುವೆಯ ದಿಬ್ಬಣ ಬಂದವರಿಗೆ, ಇದು ಸುಲಭದ ಪ್ರಶ್ನೆಯಲ್ಲ. ಆದರೆ ಬರಿಯ ಮಮತೆಯಿಂದ ಇದಕ್ಕೆ ಉತ್ತರ ದೊರೆಯಲಾರದು. ಆ ಯಂತ್ರದ ಸ್ವಭಾವವೇನು, ಅದು ಏನನ್ನು ಕೊಡುತ್ತದೆ, ಪ್ರತಿಯಾಗಿ ಏನನ್ನು ಬೇಡುತ್ತದೆ ಎಂಬುದನ್ನು ತಿಳಿದಲ್ಲದೆ ನಿರ್ಧಾರ ಕೈಗೊಳ್ಳುವುದು ಸರಿಯಲ್ಲ.

ಎರಡು ವಂಶಗಳು

ಇವೆರಡೂ ಭಾರತದ ಬೀದಿಗಳಲ್ಲಿ ಅರ್ಧ ಶತಮಾನ ಮೆರೆದರೂ ಹುಟ್ಟಿನಿಂದ ಪರದೇಶದವು. ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿ. ಬಿ. ಎಂ. ಬಿರ್ಲಾ ಅವರು 1942ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ ಮೊದಲು ಗುಜರಾತಿನ ಓಖಾ ಬಂದರಿನಲ್ಲಿದ್ದು, 1948ರಲ್ಲಿ ಬಂಗಾಳದ ಉತ್ತರಪಾಡಾಕ್ಕೆ ನೆಲೆ ಬದಲಾಯಿಸಿತು. ಅಲ್ಲಿ ಹಿಂದೂಸ್ತಾನ್ 14, ಲ್ಯಾಂಡ್‌ಮಾಸ್ಟರ್ ಮೊದಲಾದ ಕಾರುಗಳಾದ ಮೇಲೆ, 1957-58ರ ವೇಳೆಗೆ ಅಂಬಾಸಿಡರ್ ಹೊರಬಂದಿತು. ಮುಂಭಾಗದ ಜಾಲರಿ ಹಲವು ಸಲ ಬದಲಾಯಿತು, ಹೆಸರಿನ ಮುಂದೆ ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂಬ ಅಂಕೆಗಳು ಸೇರಿದವು. ಒಡಲು ಮಾತ್ರ 2014ರ ಮೇ ತಿಂಗಳಲ್ಲಿ ಕಾರ್ಖಾನೆ ನಿಲ್ಲುವವರೆಗೂ ಹೆಚ್ಚುಕಡಿಮೆ ಅದೇ ಆಗಿತ್ತು.

ಪದ್ಮಿನಿಯ ತವರು ಇಟಲಿಯ ತೂರಿನ್ ನಗರ. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆ ಫಿಯಟ್ 1100 ಮಾದರಿಯನ್ನು 1950ರ ದಶಕದಲ್ಲೇ ಜೋಡಿಸತೊಡಗಿತ್ತು. ಮುಂಬಾಗಿಲು ಹಿಮ್ಮುಖವಾಗಿ ತೆರೆಯುತ್ತಿದ್ದ ಆ ಮೊದಲಿನ ದುಂಡು ಕಾರನ್ನು ಮರಾಠಿ ಜನ ‘ಡುಕ್ಕರ್ ಫಿಯಟ್’, ಅಂದರೆ ಹಂದಿ ಫಿಯಟ್, ಎಂದು ಪ್ರೀತಿಯಿಂದಲೇ ಕರೆದರು. 1964ರಲ್ಲಿ ಚೌಕಟ್ಟಾದ ಮೈಯ ಹೊಸ ಮಾದರಿ ‘ಡಿಲೈಟ್’ ಎಂಬ ಹೆಸರಿನಿಂದ ಬಂದಿತು. ಅದೇ ಸ್ವಲ್ಪಕಾಲ ‘ಪ್ರೆಸಿಡೆಂಟ್’ ಎನಿಸಿಕೊಂಡು, 1974ರಿಂದ ‘ಪ್ರೀಮಿಯರ್ ಪದ್ಮಿನಿ’ಯಾಯಿತು. ಚಿತ್ತೂರಿನ ರಾಣಿಯ ಹೆಸರು ಹೊತ್ತು ಅದು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ತಯಾರಾಗುತ್ತಿತ್ತು. ಒಂದಕ್ಕೆ ರಾಯಭಾರಿಯ ಹೆಸರು, ಮತ್ತೊಂದಕ್ಕೆ ರಾಣಿಯ ಹೆಸರು. ಇಬ್ಬರ ನಡೆನುಡಿಗಳೂ ಹೆಸರಿಗೆ ತಕ್ಕಂತೆಯೇ ಇದ್ದವೆನ್ನಬಹುದು.

ಈ ರಾಣಿಯ ಪೂರ್ವಕಥೆಯಲ್ಲಿ ಕನ್ನಡನಾಡಿಗೂ ಒಂದು ಪಾತ್ರವುಂಟು. ಭಾರತದಲ್ಲೇ ಮೋಟಾರು ತಯಾರಾಗಬೇಕೆಂದು ಹಟ ತೊಟ್ಟವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲಿಗರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯುರೋಪು ಅಮೆರಿಕಗಳಿಗೆ ಹೋಗಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ನೋಡಿ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹಿರಾಚಂದ್ ಅವರು ಅದಕ್ಕೆ ಹೆಗಲು ಕೊಟ್ಟರು. ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯದೆ ಯೋಜನೆ ಕುಂಟಿತು. 1940ರಲ್ಲಿ ವಾಲಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು. ಮೋಟಾರಿನ ಕನಸು 1944ರಲ್ಲಿ ಪ್ರೀಮಿಯರ್ ಸಂಸ್ಥೆಯ ರೂಪದಲ್ಲಿ ಮುಂಬಯಿಯ ಪಾಲಾಯಿತು.

ಓಟದಲ್ಲಿ ಯಾರು ಮುಂದು?

ಸ್ನೇಹಿತರ ನಡುವೆ ವಾದ ಹುಟ್ಟಿಸುವ ಪ್ರಶ್ನೆ ಇದು. ಅಂಬಾಸಿಡರಿನ ಕಡೆಯವರು ಎಂಜಿನ್ನಿನ ಗಾತ್ರವನ್ನು ಮುಂದಿಡುತ್ತಾರೆ: 1489 ಘನ ಸೆಂಟಿಮೀಟರ್, ಸುಮಾರು 50 ಅಶ್ವಶಕ್ತಿ. ಪದ್ಮಿನಿಯದು 1089 ಘನ ಸೆಂಟಿಮೀಟರ್, ಸುಮಾರು 40 ಅಶ್ವಶಕ್ತಿ. ಮೇಲುನೋಟಕ್ಕೆ ತೀರ್ಪು ಹೊರಬಿದ್ದಂತೆಯೇ ಸರಿ. ಆದರೆ ಅಂಬಾಸಿಡರಿನ ತೂಕ ಸುಮಾರು 1100 ಕಿಲೋಗ್ರಾಂ. ಪದ್ಮಿನಿಯದು 900ಕ್ಕೂ ತುಸು ಕಡಿಮೆ. ಶಕ್ತಿಯನ್ನು ತೂಕದಿಂದ ಭಾಗಿಸಿ ನೋಡಿದರೆ ಎರಡಕ್ಕೂ ಟನ್ನಿಗೆ ದೊರೆಯುವುದು ಸುಮಾರು 45 ಅಶ್ವಶಕ್ತಿಯೇ. ಎರಡರ ಪರಮಾವಧಿ ವೇಗವೂ ಗಂಟೆಗೆ 120 ಕಿ.ಮೀ. ಆಸುಪಾಸು. ಎಂದಮೇಲೆ ವೇಗದ ವಾದ ಇಲ್ಲಿಗೇ ಮುಗಿಯಬೇಕು. ಭೇದವಿರುವುದು ಎಷ್ಟು ಓಡುತ್ತದೆ ಎಂಬುದರಲ್ಲಲ್ಲ, ಹೇಗೆ ಓಡುತ್ತದೆ ಎಂಬುದರಲ್ಲಿ.

ಎಂಜಿನ್ನಿನ ಒಳಗೆ ಪಿಸ್ಟನ್ನು ಮೇಲೆ ಕೆಳಗೆ ಚಲಿಸುವ ದೂರವನ್ನೂ ಅದರ ಕೊಳವೆಯ ಅಗಲವನ್ನೂ ಹೋಲಿಸಿದರೆ ಈ ಗುಟ್ಟು ತಿಳಿಯುತ್ತದೆ. ಅಂಬಾಸಿಡರಿನಲ್ಲಿ ಕೊಳವೆಯ ಅಗಲ ಸುಮಾರು 73 ಮಿ.ಮೀ., ಪಿಸ್ಟನ್ನಿನ ಓಟ ಸುಮಾರು 89 ಮಿ.ಮೀ. ಹೀಗೆ ಓಟ ಉದ್ದವಾಗಿರುವ ಎಂಜಿನ್ನು ನಿಧಾನವಾಗಿ ತಿರುಗುವಾಗಲೇ ಬಲವಾಗಿ ಎಳೆಯುತ್ತದೆ. ಮೂರನೆಯ ಗೇರಿನಲ್ಲಿ ಎತ್ತಿನ ಗಾಡಿಯ ಹಿಂದೆ ತೆವಳುತ್ತಿದ್ದು, ಗೇರು ಬದಲಾಯಿಸದೆಯೇ ಮತ್ತೆ ವೇಗ ಹಿಡಿಯುವ ಶಕ್ತಿ ಅದಕ್ಕುಂಟು. ಪದ್ಮಿನಿಯಲ್ಲಿ ಅಗಲ 68 ಮಿ.ಮೀ., ಓಟ 75 ಮಿ.ಮೀ. ಇದು ಚುರುಕಾಗಿ ತಿರುಗಲು ಇಷ್ಟಪಡುವ ಎಂಜಿನ್ನು. ಸರಿಯಾದ ಗೇರಿನಲ್ಲಿಟ್ಟರೆ ಸಂಗೀತದಂತೆ ಗುನುಗುತ್ತದೆ. ತಪ್ಪು ಗೇರಿನಲ್ಲಿಟ್ಟರೆ ಒದ್ದಾಡುತ್ತದೆ. ಆದುದರಿಂದ ಪದ್ಮಿನಿಯ ಚಾಲಕ ಸ್ಟಿಯರಿಂಗಿನ ಬಳಿಯ ಗೇರು ಕಡ್ಡಿಯನ್ನು ಮತ್ತೆ ಮತ್ತೆ ಹಿಡಿಯಬೇಕು; ಅಂಬಾಸಿಡರಿನ ಚಾಲಕ ಅಷ್ಟು ಶ್ರಮಪಡಬೇಕಾಗಿಲ್ಲ.

ಎಲ್ಲ ರಸ್ತೆಗಳೂ ಒಂದೇ ಅಲ್ಲವೆಂಬುದು ನಮ್ಮ ನಾಡಿನಲ್ಲಿ ಹೇಳಬೇಕಾದ ಮಾತಲ್ಲ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ, ಐದಾರು ಜನ ತುಂಬಿ, ಮೇಲೆ ಸಾಮಾನು ಕಟ್ಟಿ ಘಾಟಿ ಹತ್ತುವಾಗ ಅಂಬಾಸಿಡರಿನ ಘನತೆ ಕಾಣುತ್ತದೆ. ಅದರ ಮುಂಗಾಲಿಗಳನ್ನು ತಿರುಚಿಕೊಳ್ಳುವ ಉಕ್ಕಿನ ಸರಳುಗಳು ಹೊತ್ತಿರುತ್ತವೆ. ಹಿಂಗಾಲಿಗಳ ಮೇಲೆ ಲೀಫ್ ಸ್ಪ್ರಿಂಗುಗಳ ಕಟ್ಟು. ಗುಂಡಿಬಿದ್ದ ಹಾದಿಯಲ್ಲಿ ಅದು ದೋಣಿಯಂತೆ ತೂಗುತ್ತ, ಯಾರ ಬೆನ್ನನ್ನೂ ಮುರಿಯದೆ ಸಾಗುತ್ತದೆ. ಗಾಲಿಗಳ ನಡುವಣ ಅಂತರವೂ ಅದರದೇ ಹೆಚ್ಚು: ಅಂಬಾಸಿಡರಿನದು 2464 ಮಿ.ಮೀ., ಪದ್ಮಿನಿಯದು 2340. ಹಿಂದಿನ ಆಸನದಲ್ಲಿ ಅಜ್ಜಿಗೆ ಕಾಲು ಚಾಚಲು ಸಿಗುವ ಜಾಗದಲ್ಲಿ ಈ ವ್ಯತ್ಯಾಸ ತಿಳಿಯುತ್ತದೆ. 2013ರಲ್ಲಿ ಬ್ರಿಟನ್ನಿನ ‘ಟಾಪ್ ಗೇರ್’ ಕಾರ್ಯಕ್ರಮದವರು ನಡೆಸಿದ ಜಗತ್ತಿನ ಟ್ಯಾಕ್ಸಿಗಳ ಸ್ಪರ್ಧೆಯಲ್ಲಿ ಅಂಬಾಸಿಡರ್ ಗೆದ್ದದ್ದು ಬರಿಯ ಅದೃಷ್ಟದಿಂದಲ್ಲ.

ಊರಿನೊಳಗೆ ಬಂದರೆ ಮಾತು ಬೇರೆ. ಅಗಲ ಕಡಿಮೆ, ಉದ್ದ ಕಡಿಮೆಯಾದ ಪದ್ಮಿನಿ ಚಿಕ್ಕಪೇಟೆಯಂತಹ ಗಲ್ಲಿಗಳಲ್ಲೂ ದಾರಿ ಮಾಡಿಕೊಳ್ಳಬಲ್ಲದು. ಮೈ ಹಗುರವಾದುದರಿಂದ ನಿಲ್ಲಿಸುವುದೂ ಸುಲಭ. ಎರಡರಲ್ಲೂ ನಾಲ್ಕು ಗಾಲಿಗಳಿಗೂ ಡ್ರಮ್ ಬ್ರೇಕುಗಳೇ ಇದ್ದರೂ ಪದ್ಮಿನಿಯ ಬ್ರೇಕಿಗೆ ತಡೆಯಬೇಕಾದ ಭಾರವೇ ಕಡಿಮೆ. ತಿರುವಿನಲ್ಲಿ ಅದು ವಾಲುವುದೂ ಕಡಿಮೆ. ಪೆಟ್ರೋಲಿನ ಲೆಕ್ಕವಂತೂ ಮನೆಯೊಡತಿಗೆ ಕೂಡಲೇ ತಿಳಿಯುವಂತಹುದು: ಸುಸ್ಥಿತಿಯಲ್ಲಿರುವ ಅಂಬಾಸಿಡರ್ ಲೀಟರಿಗೆ ಸುಮಾರು 8ರಿಂದ 10 ಕಿ.ಮೀ. ಓಡಿದರೆ, ಪದ್ಮಿನಿ ಸುಮಾರು 12ರಿಂದ 14 ಕಿ.ಮೀ. ಓಡುತ್ತದೆ. ಈ ಕಾರಣಗಳಿಂದಲೇ ಅಧಿಕಾರಿಗಳೂ ಮಂತ್ರಿಗಳೂ ಬಿಳಿಯ ಅಂಬಾಸಿಡರನ್ನು ಹತ್ತಿದಾಗ, ವೈದ್ಯರು, ವಕೀಲರು, ಪ್ರಾಧ್ಯಾಪಕರು ಫಿಯಟ್ಟಿನ ಕಡೆ ಒಲಿದರು. ಲಾಲ್ ಬಹಾದುರ್ ಶಾಸ್ತ್ರಿಗಳು ಪ್ರಧಾನಿಯಾಗಿದ್ದಾಗ, 1964ರಲ್ಲಿ, ಮನೆಯವರಿಗಾಗಿ ಕೊಂಡದ್ದು 12,000 ರೂಪಾಯಿಯ ಫಿಯಟ್ಟು. ಅದರಲ್ಲಿ 5,000 ರೂಪಾಯಿ ಬ್ಯಾಂಕಿನ ಸಾಲ. 1966ರ ಜನವರಿಯಲ್ಲಿ ಅವರು ತೀರಿಕೊಂಡಾಗ ಸಾಲ ತೀರಿರಲಿಲ್ಲ. ಪತ್ನಿ ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ಅದನ್ನು ತೀರಿಸಿದರು. ಆ ಕಾರು ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿ ಉಳಿದಿದೆ.

ಆರೈಕೆಯ ಲೆಕ್ಕ

ಓಟದ ಲೆಕ್ಕಕ್ಕಿಂತ ಮುಖ್ಯವಾದದ್ದು ಆರೈಕೆಯ ಲೆಕ್ಕ. ಹಳೆಯ ಕಾರನ್ನು ಇಟ್ಟುಕೊಳ್ಳುವವನು ತಿಂಗಳಿಗೆ ಓಡಿಸುವುದು ಕೆಲವೇ ಮೈಲಿ; ಅದನ್ನು ನೋಡಿಕೊಳ್ಳುವುದು ವರ್ಷವಿಡೀ.

ಹಳೆಯ ಗ್ಯಾರೇಜುಗಳಲ್ಲಿ ಒಂದು ಮಾತು ಕೇಳಿಬರುವುದುಂಟು. ತರುಣನೊಬ್ಬ ಬಂದು, “ಮೇಸ್ತ್ರಿಗಳೇ, ಎರಡರಲ್ಲಿ ಯಾವುದು ಒಳ್ಳೆಯದು?” ಎಂದು ಕೇಳಿದರೆ ಹಿರಿಯ ಮೇಸ್ತ್ರಿ ನಕ್ಕು, “ನೀವು ಯಾವ ಥರದವರು ಹೇಳಿ ಸ್ವಾಮಿ, ಆಮೇಲೆ ಗಾಡಿ ಹೇಳುತ್ತೇನೆ” ಎನ್ನುತ್ತಾನೆ. ಇದು ತಮಾಷೆಯ ಮಾತಲ್ಲ. ಅಂಬಾಸಿಡರ್ ಒರಟುತನವನ್ನು ಸಹಿಸುತ್ತದೆ. ಪದ್ಮಿನಿ ಅದನ್ನು ಸಹಿಸುವುದಿಲ್ಲ.

ಉದಾಹರಣೆಗೆ ಎಂಜಿನ್ನಿನ ತಲೆಯನ್ನೇ ತೆಗೆದುಕೊಳ್ಳಬಹುದು. ಅಂಬಾಸಿಡರಿನ ಹಳೆಯ ಎಂಜಿನ್ನಿನ ತಲೆ ಎರಕದ ಕಬ್ಬಿಣದ್ದು. ಪದ್ಮಿನಿಯದು ಅಲ್ಯೂಮಿನಿಯಮ್ಮಿನದು. ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿ ಎಂಜಿನ್ನು ಕಾದಾಗ ಕಬ್ಬಿಣ ಒಂದಷ್ಟು ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂ ಬಾಗುತ್ತದೆ, ಗ್ಯಾಸ್ಕೆಟ್ಟು ಸುಡುತ್ತದೆ, ನೀರೂ ಎಣ್ಣೆಯೂ ಬೆರೆಯುತ್ತವೆ. ಬೆಳಿಗ್ಗೆ ರೇಡಿಯೇಟರಿನ ಮುಚ್ಚಳ ತೆಗೆದು ನೀರು ನೋಡುವ ಅರೆನಿಮಿಷದ ಅಭ್ಯಾಸ ಅಂಬಾಸಿಡರಿಗೆ ಒಳ್ಳೆಯದು, ಪದ್ಮಿನಿಗೆ ಪ್ರಾಣ. ಬೇಸಗೆಯಲ್ಲಿ ಎಂಜಿನ್ನಿನ ಪಕ್ಕದಲ್ಲೇ ಇರುವ ಪೆಟ್ರೋಲ್ ಪಂಪು ಕಾದು, ಪೆಟ್ರೋಲು ಆವಿಯಾಗಿ, ಪದ್ಮಿನಿ ರಸ್ತೆಯ ಮಧ್ಯೆ ನಿಲ್ಲುವುದೂ ಉಂಟು. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾಯುವುದೇ ಅದಕ್ಕೆ ಮದ್ದು.

ಹಾಗೆಂದು ಅಂಬಾಸಿಡರಿಗೆ ಆರೈಕೆ ಬೇಡವೆಂದಲ್ಲ. ಅದರ ಮುಂಗಾಲಿಗಳ ಕೀಲುಗಳಿಗೆ ಕಾಲಕಾಲಕ್ಕೆ ಗ್ರೀಸು ತುಂಬದಿದ್ದರೆ ಅವು ಸವೆದು ಸ್ಟಿಯರಿಂಗು ಅಲುಗಾಡತೊಡಗುತ್ತದೆ. ಮುಂಭಾಗ ಕ್ರಮೇಣ ಕೆಳಗೆ ಕೂರುತ್ತದೆ. ಆಗ ತಿರುಚುವ ಸರಳುಗಳನ್ನು ಮತ್ತೆ ಬಿಗಿಮಾಡಿಸಬೇಕು. ಎಣ್ಣೆ ಸೋರುವುದಂತೂ ಅದರ ಹುಟ್ಟುಗುಣವೆಂದೇ ಮಾಲೀಕರು ಒಪ್ಪಿಕೊಂಡಿದ್ದಾರೆ. ಭಾರವಾದ ಗಾಡಿಯಾದುದರಿಂದ ಟಯರುಗಳೂ ಬ್ರೇಕಿನ ಪಟ್ಟಿಗಳೂ ಬೇಗ ಸವೆಯುತ್ತವೆ. ಆದರೆ ಇದಾವುದೂ ಗಾಡಿಯನ್ನು ಒಮ್ಮೆಗೇ ನಿಲ್ಲಿಸುವ ರೋಗವಲ್ಲ. ಗೊಣಗುತ್ತ, ಕೆಮ್ಮುತ್ತ, ಅದು ಮನೆ ತಲುಪಿಸುತ್ತದೆ.

ತುಕ್ಕು ಇಬ್ಬರಿಗೂ ಸಮಾನ ಶತ್ರು. ಎರಡಕ್ಕೂ ಲಾರಿಗಿರುವಂತೆ ಬೇರೆಯಾದ ಅಡಿಚೌಕಟ್ಟಿಲ್ಲ. ತಗಡಿನ ಒಡಲೇ ಭಾರವನ್ನೆಲ್ಲ ಹೊರಬೇಕು. ಆದುದರಿಂದ ನೆಲದ ತಗಡೂ ಬಾಗಿಲ ಕೆಳಗಿನ ಅಂಚೂ ಕೊಳೆತರೆ ಅದು ಅಂದಕ್ಕಷ್ಟೇ ಕುಂದಲ್ಲ, ಬಲಕ್ಕೇ ಕುಂದು. ಮಂಗಳೂರು ಕಾರವಾರಗಳ ಉಪ್ಪುಗಾಳಿಯಲ್ಲಿ ಬೆಳೆದ ಕಾರಿಗಿಂತ ಚಿತ್ರದುರ್ಗದ ಒಣಹವೆಯಲ್ಲಿದ್ದ ಕಾರು ಮೇಲು. ಹೊಸ ಬಣ್ಣದ ಹೊಳಪನ್ನು ನೋಡಿ ಮರುಳಾಗದೆ, ಕಾಲಡಿಯ ರಬ್ಬರು ಹಾಸನ್ನು ಎತ್ತಿ ನೋಡುವುದು ಜಾಣತನ.

ಬಿಡಿಭಾಗಗಳ ವಿಷಯದಲ್ಲಿ ಅಂಬಾಸಿಡರಿಗೆ ಅನುಕೂಲ ಹೆಚ್ಚು. ಅದು 2014ರವರೆಗೂ ತಯಾರಾಗುತ್ತಿತ್ತು. ಟ್ಯಾಕ್ಸಿಯಾಗಿ ದೇಶವನ್ನೆಲ್ಲ ತುಂಬಿತ್ತು. ಬೆಂಗಳೂರಿನ ಜೆ. ಸಿ. ರಸ್ತೆಯಲ್ಲೋ, ಕೊಲ್ಕತ್ತದ ಮಲ್ಲಿಕ್ ಬಜಾರಿನಲ್ಲೋ ಹುಡುಕಿದರೆ ಬೇಕಾದ ಸಾಮಾನು ಇಂದಲ್ಲ ನಾಳೆ ಕೈಸೇರುತ್ತದೆ. ಪದ್ಮಿನಿಗೆ ಮುಂಬಯಿಯೇ ದೊಡ್ಡ ಆಸರೆಯಾಗಿತ್ತು. ಅಲ್ಲಿನ ಕಪ್ಪು-ಹಳದಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಬಿಡಿಭಾಗಗಳೂ ಅವನ್ನು ಬಲ್ಲ ಕೈಗಳೂ ಉಳಿದಿದ್ದವು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿಯಿದ್ದುದರಿಂದ, 2003ರಲ್ಲಿ ನೋಂದಣಿಯಾದ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಯಲ್ಲಿ ಬೀದಿಯಿಂದ ನಿವೃತ್ತವಾಯಿತು. ಅಂದಿನಿಂದ ಪದ್ಮಿನಿಯ ಮಾಲೀಕ ಹೆಚ್ಚು ಹೆಚ್ಚಾಗಿ ಹಳೆಯ ಗಾಡಿಗಳಿಂದ ಕಳಚಿದ ಭಾಗಗಳನ್ನೇ ನೆಚ್ಚಬೇಕಾಗಿದೆ.

ಆದರೂ ಇಂದಿನ ಕಾರುಗಳಿಗಿಲ್ಲದ ಒಂದು ಗುಣ ಇವೆರಡಕ್ಕೂ ಇದೆ. ಬಾನೆಟ್ಟನ್ನು ಎತ್ತಿದರೆ ಒಳಗಿರುವುದೆಲ್ಲ ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ. ಕಾರ್ಬುರೇಟರನ್ನು ಬಿಚ್ಚಿ ತೊಳೆಯುವುದು, ಪ್ಲಗ್ಗಿನ ಮಸಿ ಒರೆಸುವುದು, ಕಿಡಿ ಹಾರಿಸುವ ಪಾಯಿಂಟಿನ ಸಂದನ್ನು ಸರಿಪಡಿಸುವುದು ಒಂದು ಭಾನುವಾರದಲ್ಲಿ ಕಲಿಯಬಹುದಾದ ವಿದ್ಯೆ. ಗಣಕಯಂತ್ರದ ಸಹಾಯವಿಲ್ಲದೆ ರೋಗವನ್ನು ಕಿವಿಯಿಂದಲೇ ಗುರುತಿಸಬಲ್ಲ ಮೇಸ್ತ್ರಿಗಳು ಮುಪ್ಪಾಗುತ್ತಿದ್ದಾರೆ. ಅವರ ಬಳಿ ನಿಂತು ನೋಡಿ ಕಲಿತವನಿಗೆ ಅರ್ಧ ಖರ್ಚು ಉಳಿಯುತ್ತದೆ.

ಕಾಲದ ತೊಡಕುಗಳು

ಇಂದು ಇವುಗಳನ್ನು ಇಟ್ಟುಕೊಳ್ಳುವವರು ಹಿಂದಿನವರು ಕಾಣದ ಎರಡು ತೊಡಕುಗಳನ್ನು ಎದುರಿಸಬೇಕು. ಮೊದಲನೆಯದು ಪೆಟ್ರೋಲು. 2000ದಲ್ಲಿ ಸೀಸ ಬೆರೆತ ಪೆಟ್ರೋಲು ದೇಶದಿಂದ ಮರೆಯಾಯಿತು. ಜನರ ಶ್ವಾಸಕೋಶಗಳಿಗೆ ಅದು ಒಳಿತೇ. ಆದರೆ ಹಳೆಯ ಕಬ್ಬಿಣದ ತಲೆಯ ಎಂಜಿನ್ನುಗಳಲ್ಲಿ ಕವಾಟಗಳು ಕೂರುವ ಜಾಗಕ್ಕೆ ಆ ಸೀಸವೇ ರಕ್ಷೆಯಾಗಿತ್ತು. ಎಂಜಿನ್ನು ಬಿಚ್ಚಿದಾಗ ಅಲ್ಲಿ ಗಡುಸಾದ ಉಂಗುರಗಳನ್ನು ಕೂರಿಸುವುದು ಅದಕ್ಕೆ ಪರಿಹಾರ. 2025ರ ವೇಳೆಗೆ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ನೂರಕ್ಕೆ 20ಕ್ಕೆ ಏರಿತು. ಎಥನಾಲು ನೀರನ್ನು ಹೀರುತ್ತದೆ. ಉಕ್ಕಿನ ಟ್ಯಾಂಕಿಗೆ ತುಕ್ಕು ತರುತ್ತದೆ, ಹಳೆಯ ರಬ್ಬರಿನ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಮೆತ್ತಗಾಗಿಸುತ್ತದೆ. ಹೊಸ ಬಗೆಯ ಕೊಳವೆಗಳನ್ನು ಹಾಕಿಸುವುದು, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲನ್ನು ನಿಲ್ಲಿಸದಿರುವುದು ಕ್ಷೇಮ.

ಎರಡನೆಯದು ಕಾನೂನು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದು ವರ್ಷಕ್ಕೊಮ್ಮೆ ಗಾಡಿಯನ್ನು ತೋರಿಸಿ ನವೀಕರಿಸಬೇಕು. ಹಿಂದೆ 600 ರೂಪಾಯಿಯಿದ್ದ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು. ಹಸಿರು ತೆರಿಗೆ ಬೇರೆ. 50 ವರ್ಷ ದಾಟಿದ ಕಾರುಗಳಿಗೆ 2021ರ ನಿಯಮದಂತೆ ‘ವಿಂಟೇಜ್’ ಎಂಬ ಪದವಿಯೂ ವಿಶೇಷ ಸಂಖ್ಯೆಯೂ ದೊರೆಯುತ್ತವೆ. ಆದರೆ ಆ ಪದವಿ ಪಡೆದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ ಮುಂತಾದವಕ್ಕಲ್ಲದೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಗೌರವ ಬೇಕೋ ಓಡಾಟ ಬೇಕೋ ಎಂಬುದನ್ನು ಮಾಲೀಕ ಮೊದಲೇ ಯೋಚಿಸಬೇಕು.

ಯಾವುದನ್ನು ಉಳಿಸಿಕೊಳ್ಳುವುದು?

ಇಷ್ಟನ್ನೆಲ್ಲ ತೂಗಿದ ಮೇಲೆ ಒಂದು ನಿರ್ಣಯಕ್ಕೆ ಬರಬಹುದು. ಮನೆಮಂದಿಯೆಲ್ಲ ಒಟ್ಟಿಗೆ ಊರಿನ ಜಾತ್ರೆಗೆ, ತೋಟಕ್ಕೆ ಹೋಗುವವರಿಗೆ, ಹಳ್ಳಿಯ ರಸ್ತೆ ಹಿಡಿಯುವವರಿಗೆ, ದಿನವೂ ಗಾಡಿಯನ್ನು ನೋಡಲು ಪುರಸೊತ್ತಿಲ್ಲದವರಿಗೆ ಅಂಬಾಸಿಡರ್ ತಕ್ಕದ್ದು. ಪೆಟ್ರೋಲಿನ ಖರ್ಚನ್ನು ಅವರು ಸಹಿಸಬೇಕು. ಪಟ್ಟಣದಲ್ಲಿದ್ದು, ಬೆಳಗಿನ ಹೊತ್ತು ಒಂದೆರಡು ಮೈಲಿ ತಾವೇ ಓಡಿಸಿ ಸಂತೋಷಪಡುವವರಿಗೆ, ನೀರು ಎಣ್ಣೆಗಳನ್ನು ತಪ್ಪದೆ ನೋಡುವ ಶಿಸ್ತಿನವರಿಗೆ ಪದ್ಮಿನಿ ತಕ್ಕದ್ದು; ಬಿಡಿಭಾಗಗಳಿಗಾಗಿ ಅವರು ತಾಳ್ಮೆಯಿಂದ ಹುಡುಕಬೇಕು.

ಇವೆರಡಕ್ಕೂ ಸಲ್ಲದ ಒಂದು ಆಯ್ಕೆಯಿದೆ. ಅದೇ ಟಾರ್ಪಾಲಿನ ಮುಸುಕು. ಮಾರಲು ಮನಸ್ಸಿಲ್ಲ, ಓಡಿಸಲು ಸಮಯವಿಲ್ಲ ಎಂದು ಮುಚ್ಚಿಟ್ಟ ಕಾರು ಉಳಿಯಿತೆಂದು ಮಕ್ಕಳು ಭಾವಿಸುತ್ತಾರೆ. ನಿಜದಲ್ಲಿ ಅದು ದಿನದಿನಕ್ಕೆ ಸಾಯುತ್ತಿರುತ್ತದೆ. ಬ್ರೇಕಿನ ಪಿಸ್ಟನ್ನುಗಳು ಹಿಡಿದುಕೊಳ್ಳುತ್ತವೆ, ಕ್ಲಚ್ಚು ಅಂಟಿಕೊಳ್ಳುತ್ತದೆ, ಪೆಟ್ರೋಲು ಅಂಟಾಗಿ ಕಾರ್ಬುರೇಟರನ್ನು ಕಟ್ಟುತ್ತದೆ, ಬ್ಯಾಟರಿ ಒಣಗುತ್ತದೆ, ಟಯರುಗಳು ಬಿರಿಯುತ್ತವೆ, ವೈರುಗಳನ್ನು ಇಲಿಗಳು ತಿನ್ನುತ್ತವೆ. ಹತ್ತು ವರ್ಷ ಓಡಿದ ಕಾರಿಗಿಂತ ಹತ್ತು ವರ್ಷ ನಿಂತ ಕಾರನ್ನು ಎಬ್ಬಿಸುವುದು ಕಷ್ಟವೆಂಬುದು ಎಲ್ಲ ಮೇಸ್ತ್ರಿಗಳೂ ಬಲ್ಲ ಸತ್ಯ. ಹದಿನೈದು ದಿನಕ್ಕೊಮ್ಮೆ ಎಂಜಿನ್ನು ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿದರೆ ಈ ರೋಗಗಳಲ್ಲಿ ಬಹುಪಾಲು ಹತ್ತಿರ ಸುಳಿಯುವುದಿಲ್ಲ.

ಅಂತಹ ಬಿಡುವು ಮನೆಯಲ್ಲಿ ಯಾರಿಗೂ ಇಲ್ಲವೆಂದಾದರೆ, ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ, ಅದನ್ನು ಓಡಿಸಬಲ್ಲ, ನೋಡಿಕೊಳ್ಳಬಲ್ಲ ಒಬ್ಬರನ್ನು ಹುಡುಕಿ ಒಪ್ಪಿಸುವುದೇ ಸರಿಯಾದ ಕೆಲಸ. ಮಗಳನ್ನು ಒಳ್ಳೆಯ ಮನೆಗೆ ಕೊಟ್ಟ ತೃಪ್ತಿ ಅದರಲ್ಲಿ ಇರುತ್ತದೆ. ಮುಂದೆ ಎಂದಾದರೂ ಒಂದು ದಿನ ಊರಿನ ಬೀದಿಯಲ್ಲಿ ಅಪ್ಪನ ಕಾರು ಎದುರಿಗೆ ಬಂದು, ಹಳೆಯ ದನಿಯಲ್ಲೇ ಹಾರ್ನು ಹೊಡೆದು ಮುಂದೆ ಸಾಗಿದರೆ, ಕೊಟ್ಟವರಿಗೆ ಅದಕ್ಕಿಂತ ಹೆಚ್ಚಿನ ಬೆಲೆ ಬೇಕಾಗಲಾರದು.